ವೈರಿಂಗ್ ಮುನೇಶನ ಹೆಬ್ಬೆರಳು

ಮತ್ತಿಕೆರೆಯ ನಮ್ಮ ಬೀದಿಯಲ್ಲಿ ಹೆಸರಿಗಿಂತ ಮುಂಚೆ ಕಸುಬು ಹೇಳುವುದು ರೂಢಿ. ನಾನು ಸೀಟ್ ಜಗನ್. ಇಪ್ಪತ್ತೆರಡು ವರ್ಷದಿಂದ ಬೈಕುಗಳ ಸೀಟಿಗೆ ರೆಕ್ಸಿನ್ ಹೊಲಿಯುತ್ತಾ ಬಂದಿದ್ದೇನೆ. ಅದರಿಂದ ಆದ ಲಾಭ, ಎರಡು ಹಾಳಾದ ಮಂಡಿ. ನನ್ನ ಅಂಗಡಿಗೂ ಪಕ್ಕದ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಇರುವವನು ವೈರಿಂಗ್ ಮುನೇಶ್. ಬೈಕಿನ ಲೈಟು, ಹಾರನ್ನು, ಸ್ಟಾರ್ಟರು, ಒಟ್ಟಿನಲ್ಲಿ ಕರೆಂಟು ಹರಿಯುವ ಕೆಲಸವೆಲ್ಲ ಅವನದು. ಅವನ ಬಗ್ಗೆ ಬರೆಯಬೇಕೆಂಬ ಆಸೆ ನನಗೇನೂ ಇರಲಿಲ್ಲ. ಗೋಡೆಯಾಚೆಯ ಮನುಷ್ಯನ ಬಗ್ಗೆ ಎಲ್ಲಾ ಗೊತ್ತು ಅಂದುಕೊಂಡಿದ್ದೆ, ಮುಖ್ಯವಾದದ್ದೇ ಗೊತ್ತಿರಲಿಲ್ಲ. ಆ ಸಂಕಟಕ್ಕೆ ಬರೆಯುತ್ತಿದ್ದೇನೆ.

ಮುನೇಶನ ಕೆಲಸಕ್ಕೆ ಒಂದು ಪದ್ಧತಿ ಇತ್ತು. ವೈರುಗಳನ್ನು ಜೋಡಿಸಿದ ಮೇಲೆ, ಟೇಪು ಸುತ್ತುವ ಮುಂಚೆ, ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಡುತ್ತಿದ್ದ. ಅಷ್ಟು ಹೊತ್ತು ಬೀಡಿ ಇಲ್ಲ, ಮಾತಿಲ್ಲ. ಆಮೇಲೆ ಮುಂದಿನ ಲೈಟಿನಿಂದ ಹಿಂದಿನ ಲೈಟಿನವರೆಗೆ ಒಂದೊಂದೇ ಜಾಯಿಂಟಿನ ಮೇಲೆ ಬಲಗೈ ಹೆಬ್ಬೆರಳು ಇಟ್ಟು ನೋಡುತ್ತಿದ್ದ. ಜೋಡಣೆ ಸಡಿಲವಿದ್ದರೆ ಅಲ್ಲಿ ಬಿಸಿಯೇಳುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಸಣ್ಣ ಬಿಸಿ ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. "ಇಲ್ಲಿ ಕಾಯ್ತಾ ಐತೆ" ಎಂದು ಅದನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಪಕ್ಕದ ಕಾಲೇಜಿನ ಹುಡುಗರು ಬೇರೆಲ್ಲೋ ಲೈಟು ಹಾಕಿಸಿಕೊಂಡು, ನಂದಿಬೆಟ್ಟಕ್ಕೆ ಹೊರಡುವ ಮುಂಚೆ ಇವನ ಹತ್ತಿರ ತಂದು ನಿಲ್ಲಿಸಿ, "ಅಣ್ಣಾ, ಒಂದ್ಸಲ ಕೈ ಇಟ್ಟು ನೋಡಿ" ಎನ್ನುತ್ತಿದ್ದರು. ಅವನ ಹತ್ತಿರ ಕರೆಂಟು ಅಳೆಯುವ ಒಳ್ಳೆಯ ಮೀಟರೂ ಇತ್ತು. ಡ್ರಾಯರಿನಲ್ಲಿ ಹಳೆಯ ಹಾರನ್ನುಗಳ ಕೆಳಗೆ ಮಲಗಿತ್ತು. "ಅದೆಲ್ಲ ಡಿಪ್ಲೊಮಾ ಮಾಡ್ದೋರ್ಗೆ ಗುರು" ಎನ್ನುತ್ತಿದ್ದ.

ಅವನು ಅಮೃತಹಳ್ಳಿಯವನು. ಅವರಪ್ಪ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಜಮೀನಿನ ಮೇಲೆ ಈಗ ಅಪಾರ್ಟ್‌ಮೆಂಟು ನಿಂತಿದೆ. ಅಣ್ಣಂದಿರು ಬಿಲ್ಡರ್‌ಗಳಾಗಿ ಬಿಳಿ ಅಂಗಿ, ಬಿಳಿ ಕಾರಿನವರಾದರು. ಇವನ ಪಾಲಿಗೂ ನಾಲ್ಕು ಬಾಡಿಗೆ ಮನೆ ಬಂದಿವೆ. ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ ಕೂತರೂ ಬದುಕು ಸಾಗುತ್ತದೆ. ಹಬ್ಬಕ್ಕೆ ಸೇರಿದಾಗಲೆಲ್ಲ ಅಣ್ಣಂದಿರು, "ಇನ್ನೂ ಬೀದೀಲಿ ಕುಂತು ವೈರ್ ಕಚ್ತಾ ಇದ್ದೀಯೇನೋ" ಎಂದು ಹಂಗಿಸುತ್ತಾರಂತೆ. ಒಮ್ಮೆ ನಾನೂ ಕೇಳಿದ್ದೆ, ಯಾಕಪ್ಪಾ ನಿನಗೆ ಈ ಗ್ರೀಸಿನ ಚಟ ಅಂತ. "ಮನೇಲ್ ಕುಂತ್ರೆ ನಾನ್ ಬರೀ ಓನರ್ರು. ಇಲ್ ಬಂದ್ರೆ ಮುನೇಶ" ಎಂದಿದ್ದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಹೆಂಡತಿ ಕಲಾವತಿ ಡಬ್ಬಿಗೆ ಒಂದು ಮುದ್ದೆ, ಸೊಪ್ಪಿನ ಸಾರು ಹಾಕಿ ಕಳಿಸುತ್ತಾಳೆ. ಇವನು ಎದುರಿನ ಟೀ ಅಂಗಡಿಯಲ್ಲಿ ಎರಡು ಚಮಚ ಸಕ್ಕರೆ ಹಾಕಿಸಿಕೊಂಡು ಕುಡಿದು, ನಾನು ನೋಡಿದರೆ ನನ್ನನ್ನೇ ಗದರುತ್ತಾನೆ. ಕಳೆದೊಂದು ವರ್ಷದಿಂದ ಅವನ ಕೈಯಿಂದ ಸಣ್ಣ ಸ್ಕ್ರೂಗಳು ಜಾರುತ್ತಿದ್ದವು. ಹೊಸ ಬೈಕು ಮಾಡುವವರಿಗೆ ಬುದ್ಧಿಯಿಲ್ಲ, ಇಷ್ಟು ಸಣ್ಣ ಸ್ಕ್ರೂ ಯಾರಾದರೂ ಹಾಕುತ್ತಾರಾ ಎಂದು ಬೈಯುತ್ತಿದ್ದ. ಇಂಜಿನ್ ಓಡುತ್ತಿರುವಾಗ ತಲೆ ಬಗ್ಗಿಸಿ ಟ್ಯಾಂಕಿನ ಕೆಳಗೆ ಮುಖ ತೂರಿಸುತ್ತಿದ್ದ. ಶಬ್ದ ಕೇಳುತ್ತಿದ್ದಾನೆ ಅಂದುಕೊಂಡೆ. ಇನ್ನೂ ಒಂದಿತ್ತು. ಡಿಸೆಂಬರ್ ಬಂತೆಂದರೆ ಸಂಜೆ ಅಂಗಡಿ ಮುಚ್ಚುವ ಮುಂಚೆ ಹೊರಗಿನ ಡ್ರಮ್ಮಿನ ನೀರಿಗೆ ಕೈ ಹಾಕಿ, ಇಡೀ ಬೀದಿಗೆ ಕೇಳುವಂತೆ ಆ ನೀರಿನ ವಂಶವನ್ನೇ ಬೈಯುವುದು ಅವನ ಪದ್ಧತಿ. ಟೀ ಅಂಗಡಿಯವನಿಗೆ ಅದೇ ಮುಚ್ಚುವ ಗಂಟೆ, ಅದನ್ನು ಕೇಳಿ ಸ್ಟವ್ ಆರಿಸುತ್ತಿದ್ದ. ಹೋದ ವರ್ಷ ಬೈಗುಳ ಒಂದೆರಡೇ ದಿನ ಕೇಳಿತ್ತು, ಈ ವರ್ಷ ಕೇಳಿಬರಲೇ ಇಲ್ಲ. ವಯಸ್ಸಾಯಿತು, ಮೆತ್ತಗಾಗಿದ್ದಾನೆ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ನಯನಾ ಎಂಬ ಹೆಣ್ಣುಮಗಳು ಬೈಕು ತಂದು ಅವನ ಅಂಗಡಿ ಮುಂದೆ ನಿಲ್ಲಿಸಿದಳು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಹಿಂದೊಮ್ಮೆ ನನ್ನ ಹತ್ತಿರ ಸೀಟಿನ ಎತ್ತರ ತಗ್ಗಿಸಿಕೊಂಡು ಹೋಗಿದ್ದಳು. ಮತ್ತಿಕೆರೆಯಲ್ಲೇ ಬಾಡಿಗೆ ರೂಮು, ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಕೈಯಲ್ಲಿ ಒಂದು ಪುಟ್ಟ ಡಬ್ಬ ಇತ್ತು.

"ಅಣ್ಣಾ, ಇದು ಬಿಸಿ ಆಗೋ ಹ್ಯಾಂಡಲ್ ಗ್ರಿಪ್. ಆನ್‌ಲೈನಲ್ಲಿ ತರಿಸ್ದೆ. ಹಾಕ್ಕೊಡ್ತೀರಾ?"

ಮುನೇಶ್ ಡಬ್ಬ ತಿರುಗಿಸಿ ನೋಡಿದ. "ಬೆಂಗ್ಳೂರಾಗೆ ಇದ್ಯಾಕಮ್ಮಾ? ಲಡಾಕ್‌ಗೆ ಓಯ್ತೀಯಾ?"

"ಲಡಾಕ್ ಅಲ್ಲಣ್ಣಾ, ದಿನಾ ದೇವನಹಳ್ಳಿ ಕಡೆಗೆ. ಬೆಳಿಗ್ಗೆ ಐದೂವರೆಗೆ ಡ್ಯೂಟಿ. ಯಲಹಂಕ ದಾಟಿದ್ರೆ ಬರೀ ಮಂಜು. ಚಳಿಗೆ ನನ್ನ ಬೆರಳು ಸುಣ್ಣದ ಥರ ಬೆಳ್ಳಗಾಗ್ಬಿಡುತ್ತೆ, ಗ್ಲೌಸ್ ಹಾಕಿದ್ರೂ ಅಷ್ಟೇ. ಡಾಕ್ಟ್ರು ರಕ್ತ ಸರಿಯಾಗಿ ಓಡಲ್ಲ, ಕೈ ಬೆಚ್ಚಗಿಟ್ಕೋ ಅಂದ್ರು. ಹೋದ ವಾರ ಹುಣಸಮಾರನಹಳ್ಳಿ ಹತ್ರ ಮುಂದೆ ಲಾರಿ ನಿಂತ್ಬಿಡ್ತು. ಬ್ರೇಕ್ ಹಿಡಿದಿದ್ದೀನೋ ಬಿಟ್ಟಿದ್ದೀನೋ ಗೊತ್ತಾಗ್ಲಿಲ್ಲ. ಸ್ವಲ್ಪದ್ರಲ್ಲಿ ತಪ್ತು."

"ಗೊತ್ತೇ ಆಗಲ್ವಾ?" ಎಂದು ಕೇಳಿದ ಮುನೇಶ್.

"ಇಲ್ಲಣ್ಣಾ. ಕೈ ನಂದೇ, ಆದ್ರೆ ಬೇರೆ ಯಾರದ್ದೋ ಅನ್ಸುತ್ತೆ."

ಅವನು ಅವಳ ಬೆರಳುಗಳನ್ನು ತುಂಬಾ ಹೊತ್ತು ನೋಡಿದ. ಸಾಮಾನ್ಯವಾಗಿ ಇಂಥ ಹೊಸ ಸಾಮಾನು ಕಂಡರೆ ಹತ್ತು ಕೊಂಕು ತೆಗೆಯುವವನು, "ಗಾಡಿ ಬಿಟ್ಟೋಗು, ನಾಳೆ ಬಾ" ಎಂದುಬಿಟ್ಟ. ಅವಳು ಹೋದ ಮೇಲೆ ನಾನು ಸುಮ್ಮನಿರದೆ, "ಏನ್ ಗುರು, ಇಷ್ಟು ಬೇಗ ಕರಗೋದ್ಯಾ?" ಎಂದು ಕೆಣಕಿದೆ. ಅವನು ಬ್ಲೇಡು ಹುಡುಕಲು ಡ್ರಾಯರು ಎಳೆದ.

ಆ ಕೆಲಸ ಅವನಿಗೆ ಒಂದು ಗಂಟೆಯದು. ಹಳೆಯ ಗ್ರಿಪ್ಪನ್ನು ಬ್ಲೇಡಿನಲ್ಲಿ ಸೀಳಿ ಎಳೆಯಬೇಕು, ಹೊಸದನ್ನು ಅಂಟು ಹಾಕಿ ಕೂರಿಸಬೇಕು. ಆಕ್ಸಿಲರೇಟರ್ ಕಡೆ ಕೈ ತಿರುಗಿಸಿದಾಗ ವೈರು ಎಳೆದುಕೊಳ್ಳದಂತೆ ಸ್ವಲ್ಪ ಸಡಿಲ ಬಿಡಬೇಕು. ಬಿಸಿಯನ್ನು ಹೆಚ್ಚು ಕಡಿಮೆ ಮಾಡಲು ಐದು ಪುಟ್ಟ ದೀಪದ ಒಂದು ಸ್ವಿಚ್ಚು ಇತ್ತು. ಅದನ್ನು ಹ್ಯಾಂಡಲ್ಲಿಗೆ ಕಟ್ಟಿ, ಕೀ ತೆಗೆದರೆ ಕರೆಂಟು ನಿಲ್ಲುವ ಹಾಗೆ ಹೆಡ್‌ಲೈಟಿನ ಒಳಗಿನ ವೈರುಗಳಿಗೆ ಸೇರಿಸಬೇಕು. ಹತ್ತು ಗಂಟೆಗೆ ಶುರು ಮಾಡಿದವನು ಎರಡು ಗಂಟೆಯಾದರೂ ಮುಗಿಸಿರಲಿಲ್ಲ. ಮೂರು ಸಲ ಸ್ಕ್ರೂ ಬಿತ್ತು. ಮೂರು ಸಲವೂ ಅದನ್ನು ಅಂಗಳದಿಂದ ಎತ್ತಿಕೊಳ್ಳಲು ಬೆರಳಿಗೆ ಎಂಜಲು ಹಚ್ಚಿಕೊಂಡ. ನೋಡುತ್ತಿದ್ದ ನನಗೇ ಸುಸ್ತಾಯಿತು.

ಕೊನೆಗೆ ಇಂಜಿನ್ ಚಾಲೂ ಮಾಡಿ, ಬೈಕಿನ ಮೇಲೆ ಕೂತು, ಎರಡೂ ಗ್ರಿಪ್ ಹಿಡಿದ. ಒಂದನೇ ದೀಪ, ಎರಡನೇ ದೀಪ, ಐದನೆಯದೂ ಹತ್ತಿತು. "ಬಿಸಿನೇ ಆಗ್ತಿಲ್ಲ ಗುರು" ಎಂದ.

"ಮೀಟರ್ ಹಿಡಿದು ನೋಡು. ಕರೆಂಟ್ ಹೋಗ್ತಾ ಇದೆಯೋ ಇಲ್ವೋ ಗೊತ್ತಾಗುತ್ತೆ," ಎಂದೆ.

"ಕೈಗೆ ಅಂತ ಮಾಡಿರೋ ಸಾಮಾನ್ಗೆ ಮೀಟರ್ ಯಾಕೆ? ಕೈಗೆ ಗೊತ್ತಾಗ್ಬೇಕು. ಈ ಸ್ವಿಚ್ಚೇ ಡಬ್ಬಾ ಮಾಲು."

ಸ್ವಿಚ್ಚನ್ನು ಬಿಚ್ಚಿ ಪಕ್ಕಕ್ಕಿಟ್ಟು, ಗ್ರಿಪ್ಪಿನ ವೈರನ್ನು ನೇರವಾಗಿ ಹೆಡ್‌ಲೈಟಿನ ಒಳಗಿನ ಕರೆಂಟಿಗೇ ಕೊಟ್ಟ. ಈಗ ಹೆಚ್ಚು ಕಡಿಮೆ ಅನ್ನುವುದು ಇಲ್ಲ, ಬಂದ ಕರೆಂಟೆಲ್ಲ ಬಿಸಿಯೇ. ಮತ್ತೆ ಕೂತು, ಕೈಯಿಟ್ಟು, ಕಣ್ಣು ಮುಚ್ಚಿದ. ಅವನ ಹತ್ತು ನಿಮಿಷ ಶುರುವಾಯಿತು. ನಾನು ನನ್ನ ಸೀಟಿಗೆ ರೆಕ್ಸಿನ್ ಎಳೆದು ಪಿನ್ನು ಹೊಡೆಯುತ್ತಿದ್ದೆ.

ಮೊದಲು ವಾಸನೆ ಬಂತು. ಪ್ಲಾಸ್ಟಿಕ್ ಕಾಯುವ ವಾಸನೆ ನನಗೆ ಚೆನ್ನಾಗಿ ಗೊತ್ತು. ನನ್ನದೇ ಏನೋ ಸುಡುತ್ತಿದೆ ಎಂದು ಸುತ್ತ ನೋಡಿಕೊಂಡೆ. ಆಮೇಲೆ ನೋಡಿದರೆ ಮುನೇಶನ ಮುಂದೆ ಹೆಡ್‌ಲೈಟಿನ ಸಂದಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಲೇ ಮುನೇಶಾ, ಆಫ್ ಮಾಡೋ."

ಕಣ್ಣು ತೆರೆದ. "ಯಾಕೆ? ಇನ್ನೂ ಬೆಚ್ಚಗೂ ಆಗಿಲ್ಲ."

ಮಂಡಿ ಹಿಡಿದುಕೊಂಡು ಎದ್ದು ಹೋಗಿ ಎಡಗಡೆಯ ಗ್ರಿಪ್ಪಿನ ತುದಿ ಮುಟ್ಟಿದೆ. ಕಾದ ಹಂಚಿನ ಮೇಲೆ ಕೈ ಇಟ್ಟ ಹಾಗಾಯಿತು. ಕೀ ತಿರುಗಿಸಿ ಆರಿಸಿ, ಅವನ ಕೈಯನ್ನು ಕಿತ್ತು ತೆಗೆದೆ. ಆಕ್ಸಿಲರೇಟರ್ ಕಡೆಯದನ್ನು ಸಡಿಲವಾಗಿ ಹಿಡಿದಿದ್ದರಿಂದ ಬಲಗೈ ಬರೀ ಕೆಂಪಾಗಿತ್ತು. ಎಡ ಅಂಗೈಯ ಮೇಲೆ ಗ್ರಿಪ್ಪಿನ ಗೆರೆಗಳು ಅಚ್ಚಾಗಿದ್ದವು, ಗೆರೆಗಳ ನಡುವೆ ಚರ್ಮ ಬೆಳ್ಳಗೆ ಉಬ್ಬಿತ್ತು. ಅವನು ಅದನ್ನು ನೋಡಿದ. ನನ್ನ ಮುಖ ನೋಡಿದ.

"ಇದ್ ಯಾವಾಗ ಆಯ್ತು?" ಎಂದು ನನ್ನನ್ನು ಕೇಳಿದ.

ಎರಡೂ ಅಂಗಡಿಯ ಷಟರ್ ಎಳೆದು ಅವನನ್ನು ಮೂಲೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕೂತೆವು. ಪಕ್ಕದಲ್ಲಿ ಜ್ವರದ ಮಗುವೊಂದು ಅಳುತ್ತಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ.

"ಓದ್ ವರ್ಷ ಉಗಾದಿ ಆದ್ಮೇಲೆ. ಮೊದ್ಲು ಬೆರಳ್ ತುದಿ ಜುಮ್ ಅಂತಿತ್ತು. ಆಮೇಲೆ ಅದೂ ಇಲ್ಲ. ಕಾಲೂ ಅಂಗೇಯ, ಚಪ್ಪಲಿ ಕಳಚ್ಕೊಂಡೋಗಿದ್ರೂ ಗೊತ್ತಾಗಲ್ಲ."

"ಮತ್ತೆ ಒಂದೂವರೆ ವರ್ಷ ಆ ಬೈಕೆಲ್ಲ ಹೆಂಗ್ ನೋಡ್ದೆ?"

ಮುನೇಶ್ ತನ್ನ ಕೆನ್ನೆ ಮುಟ್ಟಿ ತೋರಿಸಿದ. "ಇಲ್ಲಿ ಗೊತ್ತಾಯ್ತದೆ."

ಟ್ಯಾಂಕಿನ ಕೆಳಗೆ ಅವನು ತಲೆ ತೂರಿಸುತ್ತಿದ್ದದ್ದು ನೆನಪಾಯಿತು. ಇಷ್ಟು ದಿನ ಅವನು ಕೆನ್ನೆಯಲ್ಲಿ ಜಾಯಿಂಟು ಹುಡುಕುತ್ತಿದ್ದ, ನಾನು ಆಚೆ ಕೂತು ಪಿನ್ನು ಹೊಡೆಯುತ್ತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಅವನ ಮೇಲೆ ತೀರಿಸಿಕೊಂಡೆ. "ಹಂಗಾದ್ರೆ ಇವತ್ತೂ ಕೆನ್ನೆ ಇಡೋಕೆ ಏನಾಗಿತ್ತು?"

"ಅಂಡಲ್ ಮೇಲೆ ಕೆನ್ನೆ ಇಟ್ಕಂಡ್ ಕುಂತ್ರೆ ಬೀದಿ ಜನ ನಗಲ್ವಾ?" ಎಂದ. ಆಮೇಲೆ ನೆಲ ನೋಡುತ್ತಾ ಹೇಳಿದ. "ಬಿಸಿಗೇ ಅಂತ ಮಾಡಿರೋದಲ್ವಾ ಗುರು. ಇದಾದ್ರೂ ಗೊತ್ತಾಗ್ಬೋದು ಅಂದ್ಕಂಡೆ. ಅದ್ಕೇ ಒಪ್ಕಂಡಿದ್ದು."

"ಕಲಾವತಿಗೆ ಗೊತ್ತಾ?"

"ಸ್ನಾನದ ನೀರು ಬೆರೆಸೋದು ಈಗ ಅವಳೇ. ಏನೂ ಕೇಳಲ್ಲ."

ಡಾಕ್ಟರು ಗುಳ್ಳೆ ಒಡೆಯಬೇಡಿ ಎಂದು ಮುಲಾಮು ಹಚ್ಚಿ, ಬಟ್ಟೆ ಸುತ್ತಿ, ಸಕ್ಕರೆ ಕಾಯಿಲೆಯವರು ಹೀಗೆಲ್ಲ ಮಾಡಬಾರದು ಎಂದು ಗದರಿ ಕಳಿಸಿದರು. ವಾಪಸ್ಸು ಬರುತ್ತಾ ನಾನು ಒಂದು ಉಪಾಯ ಹೇಳಿದೆ. ಈ ವಿಷಯ ಯಾರಿಗೂ ಹೇಳುವುದು ಬೇಡ. ನಮ್ಮ ಬೀದಿಯಲ್ಲಿ ಒಂದು ಮಾತು ಬಾಯಿಂದ ಬಿದ್ದರೆ ಸಂಜೆಯೊಳಗೆ ಕೊನೆಯ ಪಂಕ್ಚರ್ ಅಂಗಡಿಗೆ ತಲುಪುತ್ತದೆ. ಮುನೇಶನ ಕೈಗೆ ಏನೂ ಗೊತ್ತಾಗುವುದಿಲ್ಲ ಎಂದಾದರೆ ಆ ಅಂಗಡಿಗೆ ಯಾರು ಬರುತ್ತಾರೆ? ನಾಳೆ ಅವನು ವೈರು ಕಟ್ಟಲಿ, ನಾನು ಮುಟ್ಟಿ ನೋಡುತ್ತೇನೆ. ಹುಡುಗಿ ಕೇಳಿದರೆ, ಕೈ ಮೇಲೆ ಬಿಸಿನೀರು ಬಿತ್ತು ಅಂದರೆ ಆಯಿತು. ಅವನು ಬಟ್ಟೆ ಸುತ್ತಿದ ಕೈಯನ್ನೇ ತಿರುಗಿಸಿ ನೋಡಿಕೊಳ್ಳುತ್ತಾ ನಡೆದ.

ಭಾನುವಾರ ನಾನು ಬರುವಷ್ಟರಲ್ಲಿ ಅವನು ಬಂದು ಕೂತಿದ್ದ. ಮೀಟರು ಡ್ರಾಯರಿನಿಂದ ಎದ್ದು ಬಂದು, ಧೂಳು ಒರೆಸಿಕೊಂಡು, ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಸುಟ್ಟ ವೈರು ತೆಗೆದು ಹೊಸದು ಹಾಕಿದ. ಡಬ್ಬಾ ಮಾಲು ಎಂದಿದ್ದ ಸ್ವಿಚ್ಚನ್ನು ಮತ್ತೆ ಕಟ್ಟಿದ. ಒಂದು ಕೈಯ ಕೆಲಸ, ಉಳಿದದ್ದಕ್ಕೆ ಹಲ್ಲು. ಹತ್ತು ನಿಮಿಷ ಇಂಜಿನ್ ಓಡಿಸಿ ನನಗೆ ಜಾಗ ಬಿಟ್ಟ. ಒಂಬತ್ತು ಜಾಯಿಂಟು ಮುಟ್ಟಿದೆ. ಹೆಡ್‌ಲೈಟಿನ ಹಿಂದಿನದು ಸ್ವಲ್ಪ ಬೆಚ್ಚಗಿದೆ ಎಂದೆ. ಇನ್ನೊಮ್ಮೆ ಮುಟ್ಟು ಎಂದ. ಮುಟ್ಟಿದೆ. ಹೌದು ಎಂದೆ. ಬಿಚ್ಚಿ ಮತ್ತೆ ಕಟ್ಟಿದ. ಬೇರೆಯವನ ಬೆರಳು ನಂಬಿ ಕೆಲಸ ಮಾಡುವುದು ಅವನಿಗೆ ಎಷ್ಟು ಕಷ್ಟ ಎಂದು ಅವನ ಕತ್ತಿನ ನರ ನೋಡಿದರೆ ಗೊತ್ತಾಗುತ್ತಿತ್ತು.

ಹನ್ನೊಂದು ಗಂಟೆಗೆ ನಯನಾ ಬಂದಳು. ಹಾರನ್ ಬದಲಾಯಿಸಲು ಬಂದ ಇಬ್ಬರು ಕಾಲೇಜು ಹುಡುಗರೂ ಅಲ್ಲೇ ನಿಂತಿದ್ದರು. ಅವಳು ಬಂದವಳೇ ಅವನ ಕೈ ನೋಡಿದಳು.

"ಏನಾಯ್ತಣ್ಣಾ ಕೈಗೆ?"

ಬಿಸಿನೀರು ಅನ್ನು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅವನು ನನ್ನ ಕಡೆ ತಿರುಗಲೂ ಇಲ್ಲ.

"ನಿನ್ ಗಾಡಿ ಮೇಲೇ ಸುಟ್ಕಂಡೆ ಕಣಮ್ಮಾ. ಗಾಡಿ ತಪ್ಪಲ್ಲ. ನನ್ ಕೈಗೆ ಬಿಸಿ, ತಣ್ಣಗೆ ಗೊತ್ತಾಗಲ್ಲ, ಒಂದೂವರೆ ವರ್ಷ ಆಯ್ತು. ಈಗ ಎಲ್ಲಾ ಸರಿ ಮಾಡಿವ್ನಿ, ಜಗನ್ ಮುಟ್ಟಿ ನೋಡವ್ನೆ. ಆದ್ರೂ ನಾನ್ ಏಳ್ದೆ ಅಂತ ನಂಬ್ಬೇಡ. ಬೆಳಿಗ್ಗೆ ಕತ್ಲಲ್ಲಿ ಓಗೋಳು ನೀನು. ನೀನೇ ಒಂದ್ಸಲ ಕೈ ಇಟ್ಟು ನೋಡು."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಆಮೇಲೆ ಬರ್ತೀವಿ ಅಣ್ಣಾ" ಎಂದು ಬೈಕು ತಳ್ಳಿಕೊಂಡು ಹೊರಟರು. ಮುನೇಶ್ ಅವರನ್ನು ಬೀದಿಯ ತಿರುವಿನವರೆಗೆ ನೋಡಿದ.

ನಯನಾ ಅಯ್ಯೋ ಪಾಪ ಅನ್ನಲಿಲ್ಲ. ಅದಕ್ಕೆ ಅವಳಿಗೆ ನನ್ನ ನಮಸ್ಕಾರ. ಬ್ಯಾಗು ಕೆಳಗಿಟ್ಟು, ಕುಕ್ಕರುಗಾಲಲ್ಲಿ ಕೂತು, ಅವನು ತೋರಿಸಿದ ಒಂಬತ್ತು ಕಡೆಯೂ ಬೆರಳಿಟ್ಟಳು. ಆಮೇಲೆ ಸೀಟಿನ ಮೇಲೆ ಕೂತು ಗ್ರಿಪ್ಪು ಹಿಡಿದಳು.

"ಎಂಗೈತೆ?" ಎಂದ ಮುನೇಶ್.

"ಬೆಚ್ಚಗಿದೆ ಅಣ್ಣಾ."

"ಬೆಚ್ಚಗೆ ಅಂದ್ರೆ? ಎಷ್ಟು?"

ಅವಳು ಯೋಚಿಸಿದಳು. "ಕಾಫಿ ಲೋಟ ಹಿಡಿದ್ರೆ ಇರುತ್ತಲ್ಲ, ಅರ್ಧ ಕುಡಿದ್ಮೇಲೆ. ಅಷ್ಟು."

ಅವನು ಬಿಟ್ಟುಬಂದ ಊರಿನ ಸುದ್ದಿ ಕೇಳಿದವನ ಹಾಗೆ ತಲೆಯಾಡಿಸಿದ. ಆಮೇಲೆ ಸ್ವಿಚ್ಚಿನ ಎರಡನೇ ದೀಪದ ಪಕ್ಕ ತಾನು ಅಂಟಿಸಿದ್ದ ಕೆಂಪು ಟೇಪು ತೋರಿಸಿದ. "ಇದರ ಮೇಲೆ ಓಗ್ಬೇಡ. ಚಳೀಲಿ ನಿನ್ ಕೈಗೂ ಗೊತ್ತಾಗಲ್ಲ. ಬಿಸಿ ಬರ್ಲಿಲ್ಲ ಅಂತ ಏರಿಸ್ತಾನೇ ಓಯ್ತೀಯ. ನಾನೂ ಅದನ್ನೇ ಮಾಡಿದ್ದು. ಗಾಡಿ ನಿಲ್ಸು, ಗ್ಲೌಸ್ ಸರಿಸಿ ಮಣಿಕಟ್ಟು ಇಟ್ಟು ನೋಡು. ಬೆರಳನ್ನ ನಂಬ್ಬೇಡ."

ಮೂವತ್ತು ವರ್ಷ ಬೆರಳನ್ನೇ ನಂಬಿದವನು ಈ ಮಾತು ಹೇಳುವುದನ್ನು ಕೇಳಲಾರದೆ ನಾನು ನನ್ನ ಅಂಗಡಿಯೊಳಕ್ಕೆ ಹೋದೆ.

ಅವಳು ನಾಳೆ ಡ್ಯೂಟಿ ಮುಗಿಸಿಕೊಂಡು ಬಂದು ಹೇಗಿತ್ತು ಎಂದು ಹೇಳುತ್ತೇನೆ ಎಂದು ಹೊರಟುಹೋದಳು. ಮಧ್ಯಾಹ್ನದ ಹೊತ್ತಿಗೆ ಪಂಕ್ಚರ್ ಅಂಗಡಿಯವನು ಬಂದು, "ಮುನೇಶಣ್ಣನ ಕೈ ಹೋಯ್ತಂತೆ?" ಎಂದು ನನ್ನ ಕಿವಿಯಲ್ಲಿ ಕೇಳಿದ. ನಿನ್ನ ಕೆಲಸ ನೋಡಿಕೋ ಎಂದು ಅಟ್ಟಿದೆ. ಆಮೇಲೆ ಇಡೀ ದಿನ ಮುನೇಶನ ಅಂಗಡಿಗೆ ಯಾರೂ ಬರಲಿಲ್ಲ. ಅವನು ಡ್ರಾಯರಿನ ಹಾರನ್ನುಗಳನ್ನು ಹೊರಗಿಟ್ಟು, ಒರೆಸಿ, ಮತ್ತೆ ಒಳಗಿಟ್ಟ.

ಸಂಜೆ ಷಟರ್ ಎಳೆಯುವ ಮುಂಚೆ ಡ್ರಮ್ಮಿನ ಹತ್ತಿರ ಹೋದ. ಬಟ್ಟೆ ಸುತ್ತಿದ ಎಡಗೈಯನ್ನು ಮೇಲೆತ್ತಿಕೊಂಡು ಬಲಗೈಯನ್ನು ನೀರಿಗೆ ಇಳಿಸಿ ನಿಂತ. ಎಷ್ಟು ಹೊತ್ತಾದರೂ ತೆಗೆಯಲಿಲ್ಲ.

"ಜಗನ್, ಬಾ ಇಲ್ಲಿ. ನೀರ್ ಎಂಗೈತೆ ನೋಡು."

ಮಂಡಿಗೆ ಶಾಪ ಹಾಕುತ್ತಾ ಎದ್ದು ಹೋಗಿ ಅವನ ಕೈಯ ಪಕ್ಕದಲ್ಲೇ ನನ್ನ ಕೈ ಹಾಕಿದೆ.

"ಕೊರೀತಾ ಇದೆ," ಎಂದೆ.

"ಓದ್ ವರ್ಷದಷ್ಟಾ?"

"ಅದಕ್ಕಿಂತ ಜಾಸ್ತಿ."

ಮುನೇಶ್ ಸರಿ ಎಂಬಂತೆ ತಲೆಯಾಡಿಸಿ, ಕೈ ಹೊರಗೆ ತೆಗೆದು ಕೊಡವಿದ. ಆಮೇಲೆ ಬೀದಿಯ ಕಡೆ ತಿರುಗಿ, ಆ ನೀರನ್ನು, ಆ ಡ್ರಮ್ಮನ್ನು, ಡಿಸೆಂಬರ್ ತಿಂಗಳನ್ನು, ಎಲ್ಲವನ್ನೂ ಸೇರಿಸಿ ಪ್ರತಿ ವರ್ಷದಂತೆ ಜೋರಾಗಿ ಬೈದ. ಎದುರಿನ ಟೀ ಅಂಗಡಿಯವನು ಸ್ಟವ್ ಆರಿಸಿದ. ನಾನು ಟವೆಲ್ಲು ಹಿಡಿದುಕೊಂಡು, ಅವನು ಬೈದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದೆ.